ಡೈನೋಸಾರ್‌ಗಳನ್ನು ಅಳಿಸಿದ್ದು ಯಾರು? ಕಿಬ್ಬನಹಳ್ಳಿಯಲ್ಲಿ ಹುಟ್ಟಿದ ಒಂದು ಪ್ರಶ್ನೆ

ಸೆಮಿಸ್ಟರ್ ರಜೆಯಲ್ಲಿ ಕಿಬ್ಬನಹಳ್ಳಿಯ ತೋಟವೊಂದರಲ್ಲಿ ಎಳನೀರು ಕುಡೀತಾ ಕೂತಿದ್ದೆವು. ಐದನೇ ಕ್ಲಾಸಿನ ಹುಡುಗನೊಬ್ಬ ಬಂದು ಕೇಳಿದ: "ಅಣ್ಣಾ, ನೀವು ಇಂಜಿನಿಯರಿಂಗ್ ಓದ್ತೀರಲ್ಲ, ಡೈನೋಸಾರ್ ನಮ್ಮೂರಲ್ಲೂ ಇತ್ತಾ? ಅದು ಹೆಂಗೆ ಸತ್ತೋಯ್ತು?"

ಮೊದಲನೇ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಎರಡನೆಯದಕ್ಕೆ ಮಾತ್ರ ಥಟ್ಟನೆ ಹೇಳಿದೆವು: "ಆಕಾಶದಿಂದ ದೊಡ್ಡ ಕಲ್ಲು ಬಿತ್ತು."

"ಎಲ್ಲಿ ಬಿತ್ತು?"

"ಮೆಕ್ಸಿಕೋದಲ್ಲಿ."

"ಅಲ್ಲಿ ಬಿದ್ರೆ ಇಲ್ಲಿರೋವು ಯಾಕೆ ಸಾಯ್ಬೇಕು?"

ಹುಡುಗ ಸರಿಯಾದ ಜಾಗಕ್ಕೇ ಕೈ ಹಾಕಿದ್ದ. ನಾವು ಎಳನೀರಿನ ಗಂಜಿ ಕೆರೆಯುವ ನೆಪದಲ್ಲಿ ಮಾತು ಮರೆಸಿದೆವು. ಹಾಸ್ಟೆಲಿಗೆ ವಾಪಸ್ ಬಂದ ಮೇಲೆ ಕೂತು ಓದಿದಾಗ ಗೊತ್ತಾಗಿದ್ದು ಇದು: ಈ ಕೇಸಿನಲ್ಲಿ ಇಬ್ಬರು ಮುಖ್ಯ ಆರೋಪಿಗಳಿದ್ದಾರೆ. ಒಬ್ಬ ಮೆಕ್ಸಿಕೋದವನು ನಿಜ. ಇನ್ನೊಬ್ಬ ನಮ್ಮವನೇ, ಅದೂ ನಮ್ಮ ರಾಜ್ಯದ ಉತ್ತರ ಜಿಲ್ಲೆಗಳಲ್ಲಿ ಕಾಲು ಚಾಚಿ ಮಲಗಿದ್ದಾನೆ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮೂರ ಕಲ್ಲು ಏನು ಹೇಳುತ್ತೆ?

ಮೊದಲನೇ ಪ್ರಶ್ನೆಯಿಂದ ಶುರು ಮಾಡೋಣ. ಕಿಬ್ಬನಹಳ್ಳಿ ಪುರಾತತ್ವದವರಿಗೆ ಹೊಸ ಹೆಸರಲ್ಲ. ಹಳೆ ಶಿಲಾಯುಗದ ಮನುಷ್ಯರು ಮಾಡಿದ ಕಲ್ಲಿನ ಕೈಗೊಡಲಿಗಳು ಇಲ್ಲಿ ಸಿಕ್ಕಿವೆ. "ಅಷ್ಟು ಹಳೇದು ಸಿಕ್ಕಿರೋ ಜಾಗದಲ್ಲಿ ಡೈನೋಸಾರ್ ಮೂಳೆ ಸಿಗಬಾರದಾ?" ಅಂತ ಅನ್ನಿಸೋದು ಸಹಜ. ಆದರೆ ಹಳೇದು ಅನ್ನೋದರಲ್ಲೂ ಅಳತೆ ಇದೆ.

ಒಂದು ತೆಂಗಿನ ಸಾಲು ನೆನೆಸಿಕೊಳ್ಳಿ. ಮರದಿಂದ ಮರಕ್ಕೆ ಮೂವತ್ತು ಅಡಿ, ಅಂದ್ರೆ ಸುಮಾರು 9 ಮೀಟರ್. ನೀವು ಮೊದಲ ಮರಕ್ಕೆ ಒರಗಿ ನಿಂತಿದ್ದೀರಿ, ಅದೇ ಇವತ್ತು. ಒಂದು ಮೀಟರ್ ಹಿಂದೆ ಹೋದರೆ ಒಂದು ಕೋಟಿ ವರ್ಷ ಹಿಂದೆ ಹೋದ ಹಾಗೆ. ಒಂದು ಲಕ್ಷ ವರ್ಷಕ್ಕೆ ಒಂದು ಸೆಂಟಿಮೀಟರ್. ಕೈಗೊಡಲಿ ಮಾಡಿದ ಮನುಷ್ಯ ನಿಮ್ಮ ಕಾಲ ಬುಡದಲ್ಲೇ, ಕೆಲವೇ ಸೆಂಟಿಮೀಟರ್ ದೂರದಲ್ಲಿ ಇದ್ದಾನೆ. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಅಂದ್ರೆ 6.6 ಮೀಟರ್ ದೂರದಲ್ಲಿ, ಪಕ್ಕದ ಮರ ಸಿಗೋದಕ್ಕೂ ಮುಂಚೆ. ಅವು ಭೂಮಿಯ ಮೇಲೆ ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷದ ಹಿಂದೆ, ಮೂರನೇ ಮರ ಸಿಕ್ಕಿದ ಮೇಲೆ. ಇನ್ನು ಕಿಬ್ಬನಹಳ್ಳಿಯ ಕಾಲಡಿಯ ಕಲ್ಲು? ತುಮಕೂರು ಸೀಮೆಯ ನೈಸ್ ಶಿಲೆ, ಚಿಕ್ಕನಾಯಕನಹಳ್ಳಿ ಗುಡ್ಡಗಳ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಶಿಲೆ, ಇವೆಲ್ಲ 250 ಕೋಟಿ ವರ್ಷಕ್ಕಿಂತ ಹಳೆಯವು. ಅಲ್ಲಿಗೆ ಹೋಗಬೇಕಾದರೆ ಸಾಲಿನಲ್ಲಿ ಇಪ್ಪತ್ತೇಳು ಮರ ದಾಟಬೇಕು.

ಹಾಗಾಗಿ ನಮ್ಮೂರ ಕಲ್ಲಲ್ಲಿ ಡೈನೋಸಾರ್ ಹುಡುಕೋದು, ಅಜ್ಜ ಕಟ್ಟಿಸಿದ ಮನೆಯ ತಳಪಾಯದಲ್ಲಿ ಮೊಮ್ಮಗನ ಮೊಬೈಲ್ ಹುಡುಕಿದ ಹಾಗೆ. ಆ ಕಲ್ಲು ಹುಟ್ಟಿದಾಗ ಭೂಮಿಯಲ್ಲಿ ಇದ್ದದ್ದು ಸೂಕ್ಷ್ಮಜೀವಿಗಳು ಮಾತ್ರ.

ಹಾಗಂತ ಇಲ್ಲಿ ಡೈನೋಸಾರ್ ಓಡಾಡಿರಲೇ ಇಲ್ಲ ಅನ್ನೋದಕ್ಕೂ ಆಗಲ್ಲ. ಮೂಳೆ ಉಳಿಯಬೇಕಾದರೆ ಪ್ರಾಣಿ ಸತ್ತ ಕೂಡಲೇ ಕೆಸರು, ಮರಳು ಮುಚ್ಚಬೇಕು, ಅದು ಗಟ್ಟಿಯಾಗಿ ಕಲ್ಲಾಗಬೇಕು. ನಮ್ಮ ಭಾಗದ ನೆಲ ಆ ಕಾಲದಲ್ಲಿ ಮಣ್ಣು ಕೂಡಿಡುವ ಬದಲು ಕೊಚ್ಚಿ ಕಳಿಸುತ್ತಿತ್ತು. ಬೇರೆ ಕಡೆ ಸಾಕ್ಷಿ ಉಳಿದಿದೆ. 1828ರಲ್ಲಿ ಜಬಲ್ಪುರದ ಹತ್ತಿರ ಸ್ಲೀಮನ್ ಅನ್ನೋ ಬ್ರಿಟಿಷ್ ಅಧಿಕಾರಿಗೆ ಭಾರತದ ಮೊದಲ ಡೈನೋಸಾರ್ ಮೂಳೆ ಸಿಕ್ಕಿತು. ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕ ಮಾಂಸಾಹಾರಿಗೆ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಅಂತ ಹೆಸರಿಟ್ಟರು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆ ಸಿಕ್ಕ ವರದಿ 2023ರಲ್ಲಿ ಬಂತು. ಇಷ್ಟೂ ಪ್ರಾಣಿಗಳು ಡೈನೋಸಾರ್ ಯುಗದ ಕೊನೆಯ ಭಾಗದವು. ಅಂದ್ರೆ ನಮ್ಮ ಕೇಸಿಗೆ ಬೇಕಾದ ಕಾಲದವು.

ಯಾರು ಸತ್ತರು, ಯಾರು ಉಳಿದರು?

ತನಿಖೆ ಶುರು ಮಾಡುವ ಮೊದಲು ಆಗಿದ್ದೇನು ಅಂತ ಸರಿಯಾಗಿ ಬರೆದುಕೊಳ್ಳಬೇಕು. 6.6 ಕೋಟಿ ವರ್ಷದ ಹಿಂದೆ ಸತ್ತದ್ದು ಡೈನೋಸಾರ್ ಮಾತ್ರ ಅಲ್ಲ. ಹಾರುವ ಟೆರೋಸಾರ್‌ಗಳು, ಸಮುದ್ರದ ದೊಡ್ಡ ಸರೀಸೃಪಗಳು, ಸುರುಳಿ ಚಿಪ್ಪಿನ ಅಮೊನೈಟ್‌ಗಳು, ಸಮುದ್ರದ ಮೇಲ್ಪದರದಲ್ಲಿ ತೇಲುತ್ತಿದ್ದ ಸಾಸಿವೆಗಿಂತ ಸಣ್ಣ ಜೀವಿಗಳ ಬಹುಪಾಲು, ಎಲ್ಲ ಒಟ್ಟಿಗೆ ಹೋದವು. ಒಟ್ಟಾರೆ ಪ್ರಭೇದಗಳಲ್ಲಿ ಮುಕ್ಕಾಲು ಪಾಲು ಅಳಿದವು ಅಂತ ಅಂದಾಜು.

ಉಳಿದವರು ಯಾರು? ಮೊಸಳೆ, ಆಮೆ, ಕಪ್ಪೆ, ಹಾವು, ಇಲಿ ಗಾತ್ರದ ಸಸ್ತನಿಗಳು, ಮತ್ತೆ ಹಕ್ಕಿಗಳು. ಹಕ್ಕಿಗಳು ಡೈನೋಸಾರ್‌ಗಳದೇ ಒಂದು ಕವಲು. ಅಂದ್ರೆ ಡೈನೋಸಾರ್ ಪೂರ್ತಿ ಅಳಿದಿಲ್ಲ. ಭಾನುವಾರದ ನಾಟಿ ಕೋಳಿ ಸಾರಿನಲ್ಲಿ ಅದರ ಸಂಬಂಧಿಕರನ್ನು ನಾವೇ ಬೇಯಿಸುತ್ತಿದ್ದೇವೆ.

ಈ ಪಟ್ಟಿ ಕೈಯಲ್ಲಿ ಹಿಡಿದರೆ ಎಷ್ಟೋ ಹಳೆ ವಾದಗಳು ತಾವಾಗೇ ಬಿದ್ದುಹೋಗುತ್ತವೆ. ಸಸ್ತನಿಗಳು ಡೈನೋಸಾರ್ ಮೊಟ್ಟೆ ತಿಂದು ಮುಗಿಸಿದವು ಅನ್ನೋ ವಾದ ಇತ್ತು. ಸರಿ, ಸಮುದ್ರದ ಅಮೊನೈಟ್ ಯಾಕೆ ಸತ್ತಿತು? ಕಂಬಳಿಹುಳುಗಳು ವಿಪರೀತ ಹೆಚ್ಚಿ ಸೊಪ್ಪೆಲ್ಲ ಖಾಲಿ ಮಾಡಿದವು ಅಂತ 1960ರ ದಶಕದಲ್ಲಿ ಒಬ್ಬ ವಿಜ್ಞಾನಿ ಬರೆದಿದ್ದರು. ಕಪ್ಪುತಲೆ ಹುಳು ಏನು ಮಾಡಬಲ್ಲದು ಅಂತ ಕಂಡಿರುವ ತೆಂಗಿನ ಸೀಮೆಯವರು ಈ ವಾದವನ್ನು ನಗೋದಿಲ್ಲ! ಆದರೂ ಸಮುದ್ರದ ಪ್ರಶ್ನೆ ಹಾಗೇ ಉಳಿಯುತ್ತೆ. ರೋಗ, ಸಮುದ್ರ ಹಿಂದೆ ಸರಿದದ್ದು, ಹವಾಮಾನ ನಿಧಾನಕ್ಕೆ ಬದಲಾದದ್ದು, ಇವು ಕೆಲವರಿಗೆ ಕಷ್ಟ ಕೊಟ್ಟಿರಬಹುದು. ನೆಲ, ನೀರು, ಗಾಳಿ ಮೂರರಲ್ಲೂ ಒಂದೇ ಸಲಕ್ಕೆ ಹೊಡೆತ ಕೊಡಬಲ್ಲ ಆರೋಪಿಗಳು ಇಬ್ಬರೇ.

ಮೊದಲ ಆರೋಪಿ: ಆಕಾಶದ ಕಲ್ಲು

ಇಟಲಿಯ ಗುಬ್ಬಿಯೋ ಊರಿನ ಹತ್ತಿರ ಸುಣ್ಣಕಲ್ಲಿನ ಪದರಗಳ ನಡುವೆ ಒಂದು ಸೆಂಟಿಮೀಟರಿನಷ್ಟು ದಪ್ಪದ ಜೇಡಿಪದರ ಇದೆ. ಕೆಳಗಡೆ ಹಳೇ ಯುಗದ ಸೂಕ್ಷ್ಮ ಚಿಪ್ಪುಗಳು, ಮೇಲ್ಗಡೆ ಅವಿಲ್ಲ. ಭೂವಿಜ್ಞಾನಿ ವಾಲ್ಟರ್ ಆಲ್ವಾರೆಜ್‌ಗೆ ಈ ಪದರ ಕೂಡಲು ಎಷ್ಟು ಕಾಲ ಹಿಡಿಯಿತು ಅಂತ ತಿಳಿಯಬೇಕಿತ್ತು. ಅವರ ತಂದೆ ಲೂಯಿಸ್ ಆಲ್ವಾರೆಜ್ ನೊಬೆಲ್ ಪಡೆದ ಭೌತವಿಜ್ಞಾನಿ. ಇರಿಡಿಯಂ ಅಳೆಯೋಣ ಅಂದರು. ಈ ಲೋಹ ಭೂಮಿಯ ಮೇಲ್ಪದರದಲ್ಲಿ ತೀರಾ ಅಪರೂಪ, ಆಕಾಶದಿಂದ ಬೀಳುವ ಧೂಳಿನಲ್ಲಿ ಹೆಚ್ಚು. ಧೂಳು ಸದಾ ಒಂದೇ ಹದದಲ್ಲಿ ಬೀಳುತ್ತಿದ್ದರೆ ಅದನ್ನೇ ಗಡಿಯಾರ ಮಾಡಿಕೊಳ್ಳಬಹುದು ಅನ್ನೋದು ಲೆಕ್ಕ. ಸಿಕ್ಕಿದ್ದು ಬೇರೆ: ಆ ಪದರದಲ್ಲಿ ಇರಿಡಿಯಂ ಅಕ್ಕಪಕ್ಕಕ್ಕಿಂತ ಸುಮಾರು 30 ಪಟ್ಟು, ಡೆನ್ಮಾರ್ಕಿನ ಅದೇ ಕಾಲದ ಪದರದಲ್ಲಿ ಸುಮಾರು 160 ಪಟ್ಟು. ಎಲ್ಲೋ ನಕ್ಷತ್ರ ಸಿಡಿದಿರಬಹುದಾ ಅಂತಲೂ ನೋಡಿದರು. ಹಾಗಾಗಿದ್ದರೆ ಸಿಗಬೇಕಿದ್ದ ಪ್ಲುಟೋನಿಯಂ ಸಿಗಲಿಲ್ಲ. 1980ರಲ್ಲಿ ಅಪ್ಪ ಮಗ ಇಬ್ಬರೂ ಫ್ರಾಂಕ್ ಅಸಾರೋ, ಹೆಲೆನ್ ಮಿಶೆಲ್ ಜೊತೆ ಸೇರಿ ಬರೆದರು: ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹ ಬಿದ್ದಿದೆ.

ಕೆ.ಬಿ. ಕ್ರಾಸಿನಿಂದ ತಿಪಟೂರಿನ ಕಡೆ 10 ಕಿ.ಮೀ. ಬೈಕಿನಲ್ಲಿ ಹೋಗಿ. ಅಷ್ಟು ಅಗಲ, ಅಷ್ಟೇ ಎತ್ತರದ ಒಂದೇ ಕಲ್ಲು. ನಾವು ಇಂಜಿನಿಯರಿಂಗ್‌ನವರು, ಲೆಕ್ಕ ಹಾಕದೆ ಬಿಟ್ಟರೆ ಹೇಗೆ? ಸಾಂದ್ರತೆ ಘನ ಮೀಟರಿಗೆ 2,500 ಕೆಜಿ ಅಂತ ಇಟ್ಟರೆ ದ್ರವ್ಯರಾಶಿ ಸುಮಾರು 1.3 × 10¹⁵ ಕೆಜಿ. ವೇಗ ಸೆಕೆಂಡಿಗೆ 20 ಕಿ.ಮೀ. ಅಂತ ಇಟ್ಟುಕೊಳ್ಳಿ. ಅರ್ಧ × ದ್ರವ್ಯರಾಶಿ × ವೇಗದ ವರ್ಗ: 2.6 × 10²³ ಜೂಲ್. ಹಿರೋಷಿಮಾ ಬಾಂಬಿನ ಲೆಕ್ಕದಲ್ಲಿ ಹೇಳಿದರೆ 400 ಕೋಟಿಗೂ ಹೆಚ್ಚು ಬಾಂಬು, ಒಂದೇ ಜಾಗದಲ್ಲಿ, ಒಂದೇ ಸಲ.

ಗುಳಿ ಎಲ್ಲಿ ಅನ್ನೋದು ಮುಂದಿನ ಪ್ರಶ್ನೆ. ಮೆಕ್ಸಿಕೋದ ಯುಕಟಾನ್‌ನಲ್ಲಿ ತೈಲ ಹುಡುಕುತ್ತಿದ್ದ ಭೂಭೌತಜ್ಞರಿಗೆ 1970ರ ದಶಕದ ಕೊನೆಯಲ್ಲೇ ನೆಲದಡಿ ಒಂದು ದೊಡ್ಡ ವೃತ್ತ ಕಂಡಿತ್ತು. 1991ರಲ್ಲಿ ಅದೇ ಆ ಗುಳಿ ಅಂತ ಗಟ್ಟಿಯಾಯಿತು. ಹೆಸರು ಚಿಕ್ಸುಲುಬ್, ಅಗಲ ಸುಮಾರು 180 ಕಿ.ಮೀ. ರಸ್ತೆ ಅಳತೆಯಲ್ಲಿ ಬೆಂಗಳೂರಿನಿಂದ ಹೊರಟು ತುಮಕೂರು, ಕೆ.ಬಿ. ಕ್ರಾಸ್, ತಿಪಟೂರು ದಾಟಿ ಅರಸೀಕೆರೆಯ ಆಚೆಗೆ ಹೋದಷ್ಟು. (ಮಹಾರಾಷ್ಟ್ರದ ಲೋಣಾರ್ ಗುಳಿ ಅಂತ ಕೆಲವರು ಅಂದುಕೊಂಡಿರುತ್ತಾರೆ. ಅದೂ ಆಕಾಶದ ಕಲ್ಲಿನದೇ, ಆದರೆ ಎರಡು ಕಿ.ಮೀ.ಗಿಂತ ಚಿಕ್ಕದು, ತೀರಾ ಈಚಿನದು.)

ಈಗ ಹುಡುಗನ ಪ್ರಶ್ನೆ: ಅಲ್ಲಿ ಬಿದ್ದರೆ ಇಲ್ಲಿರೋವು ಯಾಕೆ ಸಾಯಬೇಕು? ಉತ್ತರ ಬಿದ್ದ ಜಾಗದ ಕಲ್ಲಿನಲ್ಲಿದೆ. ಅಲ್ಲಿ ಇದ್ದದ್ದು ಸುಣ್ಣಕಲ್ಲು ಮತ್ತು ಗಂಧಕ ತುಂಬಿದ ಜಿಪ್ಸಂ ಜಾತಿಯ ಕಲ್ಲು. 2016ರಲ್ಲಿ ಗುಳಿಯೊಳಗೆ ಕೊಳವೆ ಕೊರೆದು ನೋಡಿದಾಗ ಸಿಗಬೇಕಾಗಿದ್ದ ಆ ಗಂಧಕದ ಕಲ್ಲೇ ಇರಲಿಲ್ಲ. ಆವಿಯಾಗಿ ಮೇಲೆ ಹೋಗಿತ್ತು. ಗಂಧಕದ ಮಂಜು, ಕಲ್ಲಿನ ಪುಡಿ, ಕಾಡು ಸುಟ್ಟ ಮಸಿ ಮೂರೂ ಸೇರಿ ಇಡೀ ಭೂಮಿಗೆ ಮುಸುಕು ಹಾಕಿದವು. ತಿಂಗಳುಗಟ್ಟಲೆ ಬಿಸಿಲಿಲ್ಲ. ಕಂಪ್ಯೂಟರ್ ಮಾದರಿಗಳ ಪ್ರಕಾರ ಉಷ್ಣತೆ ಹತ್ತು ಡಿಗ್ರಿಗೂ ಹೆಚ್ಚು ಕುಸಿಯಿತು. ಬಿಸಿಲಿಲ್ಲದೆ ಗಿಡ ಇಲ್ಲ, ಗಿಡ ಇಲ್ಲದೆ ಗಿಡ ತಿನ್ನೋ ಪ್ರಾಣಿ ಇಲ್ಲ, ಅದಿಲ್ಲದೆ ಅದನ್ನು ತಿನ್ನೋದೂ ಇಲ್ಲ. ಸಮುದ್ರದಲ್ಲೂ ಇದೇ ಸರಪಳಿ ಕಡಿಯಿತು. ಬಿದ್ದ ಬೀಜ, ಕೊಳೆತ ಎಲೆ, ಹುಳ ತಿಂದುಕೊಂಡು ಬಿಲದಲ್ಲೋ ನೀರಲ್ಲೋ ಇರಬಲ್ಲ ಸಣ್ಣ ಪ್ರಾಣಿಗಳು ಮಾತ್ರ ಆ ಕಾಲ ದಾಟಿದವು. ಉಳಿದವರ ಪಟ್ಟಿಯನ್ನು ಇನ್ನೊಮ್ಮೆ ನೋಡಿ, ಹೊಂದುತ್ತೆ.

ಅಮೆರಿಕದ ಉತ್ತರ ಡಕೋಟಾದಲ್ಲಿ ಸಿಕ್ಕ ಮೀನುಗಳ ಕಿವಿರಿನಲ್ಲಿ ಈ ಹೊಡೆತದಿಂದ ಸಿಡಿದ ಗಾಜಿನ ಗುಂಡುಗಳಿವೆ. ಅವುಗಳ ಮೂಳೆಯ ಬೆಳವಣಿಗೆ ಗೆರೆ ನೋಡಿ, ಅವು ಸತ್ತದ್ದು ಅಲ್ಲಿನ ವಸಂತದಲ್ಲಿ ಅಂತ 2022ರಲ್ಲಿ ಹೇಳಿದರು. ಇರಿಡಿಯಂ ಪದರ ನಮ್ಮ ದೇಶದಲ್ಲೂ ಇದೆ: ಮೇಘಾಲಯದ ಉಮ್ ಸೊಹ್ರಿಂಗ್‌ಕ್ಯೂ ನದಿಯ ದಂಡೆಯಲ್ಲಿ. ಬಿದ್ದದ್ದು ಮೆಕ್ಸಿಕೋದಲ್ಲಾದರೂ ಧೂಳು ಇಲ್ಲಿಗೂ ಬಂದಿತ್ತು ಅನ್ನೋದಕ್ಕೆ ಅದೇ ಸಾಕ್ಷಿ.

ಎರಡನೇ ಆರೋಪಿ: ನಮ್ಮ ದಖ್ಖನ್

ಕೆ.ಬಿ. ಕ್ರಾಸಿನಲ್ಲಿ ಬೆಂಗಳೂರು–ಶಿವಮೊಗ್ಗ ರಸ್ತೆಗೆ ಅಡ್ಡವಾಗಿ ಇನ್ನೊಂದು ಹೆದ್ದಾರಿ ಹಾಯುತ್ತೆ, 150ಎ. ದಕ್ಷಿಣಕ್ಕೆ ಹೋದರೆ ತುರುವೇಕೆರೆ, ನಾಗಮಂಗಲ, ಮೈಸೂರು. ಉತ್ತರಕ್ಕೆ ಹೋದರೆ ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು, ಬಳ್ಳಾರಿ, ಸಿಂಧನೂರು, ಸುರಪುರ, ಕೊನೆಗೆ ಕಲಬುರಗಿ ಜಿಲ್ಲೆಯ ಜೇವರ್ಗಿ. ಈ ಉತ್ತರದ ದಾರಿ ನಮ್ಮ ಎರಡನೇ ಆರೋಪಿಯ ಮನೆ ಬಾಗಿಲಿಗೆ ಕರೆದುಕೊಂಡು ಹೋಗುತ್ತೆ.

ಮೊದಲು ಕೆಂಪು ಮಣ್ಣು, ತೆಂಗು. ಆಮೇಲೆ ಬಂಡೆ ಗುಡ್ಡ. ಬಳ್ಳಾರಿ ದಾಟುವಾಗ ಎರೆ ಮಣ್ಣು ಸಿಗುತ್ತೆ. (ಕಪ್ಪು ಮಣ್ಣೆಲ್ಲ ಲಾವಾದಿಂದ ಬಂದದ್ದಲ್ಲ. ಈ ಭಾಗದ ಎರೆ ಎಷ್ಟೋ ಕಡೆ ನಮ್ಮೂರಿನಂಥದೇ ಹಳೇ ನೈಸ್ ಕಲ್ಲಿನ ಮೇಲೆ ಆಗಿದ್ದು.) ಜೇವರ್ಗಿ ಸುತ್ತ ಭೀಮಾ ನದಿಯ ಸುಣ್ಣಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಇದೇ ಜಾತಿ. ಇನ್ನೂ ಉತ್ತರಕ್ಕೆ ಹೋದರೆ ಈ ಸುಣ್ಣಕಲ್ಲಿನ ಮೇಲೆ ಕಪ್ಪು ಬಸಾಲ್ಟ್ ಶಿಲೆ ಹೊದಿಕೆಯ ಹಾಗೆ ಕೂತಿದೆ. ಅದೇ ದಖ್ಖನ್ ಟ್ರ್ಯಾಪ್, ಹೆಪ್ಪುಗಟ್ಟಿದ ಲಾವಾ.

ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ದೊಡ್ಡ ಭಾಗ ಇದರ ಮೇಲಿದೆ. ಗೋಲಗುಂಬಜ್ ಕಟ್ಟಿದ್ದು ಇದೇ ಬಸಾಲ್ಟಿನಲ್ಲಿ. ಆ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ತಟ್ಟಿ ಪ್ರತಿಧ್ವನಿ ಎಣಿಸಿದ ನಮಗೆ ಯಾರಿಗೂ, ಆ ಗೋಡೆಯ ಕಲ್ಲು ಡೈನೋಸಾರ್ ಕೊಲೆ ಕೇಸಿನಲ್ಲಿದೆ ಅಂತ ಟೂರ್ ಗೈಡ್ ಹೇಳಿರಲಿಲ್ಲ.

ದಖ್ಖನ್ ಟ್ರ್ಯಾಪ್ ಇವತ್ತು ಸುಮಾರು 5 ಲಕ್ಷ ಚದರ ಕಿ.ಮೀ. ಹರಡಿದೆ, ಎರಡೂವರೆ ಕರ್ನಾಟಕದಷ್ಟು. ಸವೆದು ಹೋಗುವ ಮೊದಲು ಇನ್ನೂ ದೊಡ್ಡದಿತ್ತು. ಮಹಾರಾಷ್ಟ್ರದ ಪಶ್ಚಿಮ ಘಟ್ಟದಲ್ಲಿ ಪದರದ ಮೇಲೆ ಪದರ ಕೂತು ದಪ್ಪ ಎರಡು ಕಿ.ಮೀ. ಮೀರುತ್ತೆ. ಕೆಲವು ಹರಿವುಗಳು ಪೂರ್ವಕ್ಕೆ ರಾಜಮಂಡ್ರಿ ತನಕ ಹೋಗಿವೆ. ಇದು ಶಂಕುವಿನ ಆಕಾರದ ಒಂದು ಬೆಟ್ಟ ಸಿಡಿದದ್ದಲ್ಲ. ನೆಲ ಉದ್ದುದ್ದ ಬಿರುಕು ಬಿಟ್ಟು, ಲಾವಾ ಕೆರೆ ಕೋಡಿ ಹರಿದ ಹಾಗೆ ಹರಿದದ್ದು. ಆಗ ಭಾರತ ಏಷ್ಯಾಕ್ಕೆ ಇನ್ನೂ ಅಂಟದೆ ಉತ್ತರಕ್ಕೆ ಸಾಗುತ್ತಿತ್ತು. ಈಗ ರಿಯೂನಿಯನ್ ದ್ವೀಪದಡಿ ಇರುವ ಬಿಸಿ ಬುಗ್ಗೆಯ ಮೇಲೆ ಅದು ಹಾದದ್ದೇ ಇದಕ್ಕೆ ಮೂಲ ಅಂತ ಹೆಚ್ಚಿನವರ ಅಭಿಪ್ರಾಯ.

ಲಾವಾ ಹರಿದಲ್ಲಿ ಸುಡುತ್ತೆ, ಸರಿ. ದೂರದ ಪ್ರಾಣಿಗಳನ್ನು ಹೇಗೆ ಕೊಲ್ಲುತ್ತೆ? ಅನಿಲದಿಂದ. ಗಂಧಕದ ಡೈಆಕ್ಸೈಡ್ ಬಿಸಿಲು ತಡೆದು ಕೆಲವು ವರ್ಷ ತಂಪು ಮಾಡುತ್ತೆ, ಆಮ್ಲ ಮಳೆ ಸುರಿಸುತ್ತೆ. ಇಂಗಾಲದ ಡೈಆಕ್ಸೈಡ್ ಸಾವಿರಾರು ವರ್ಷ ನಿಂತು ಬಿಸಿ ಏರಿಸುತ್ತೆ, ಸಮುದ್ರವನ್ನು ಆಮ್ಲೀಯ ಮಾಡುತ್ತೆ. ಈ ಆರೋಪವನ್ನು ಡ್ಯೂಯಿ ಮೆಕ್ಲೀನ್, ವಿನ್ಸೆಂಟ್ ಕೂರ್ಟಿಯೋ, ಗೆರ್ಟಾ ಕೆಲ್ಲರ್ ಮುಂತಾದವರು ದಶಕಗಳಿಂದ ವಾದಿಸಿಕೊಂಡು ಬಂದಿದ್ದಾರೆ. ಆರೋಪಿಯ ಕುಟುಂಬದ ಹಳೇ ದಾಖಲೆಯೂ ಚೆನ್ನಾಗಿಲ್ಲ. ಸುಮಾರು 25.2 ಕೋಟಿ ವರ್ಷದ ಹಿಂದೆ ಇದಕ್ಕಿಂತ ದೊಡ್ಡ ಅಳಿವು ನಡೆದಾಗ ಸೈಬೀರಿಯಾದಲ್ಲಿ ಇಂಥದೇ ಲಾವಾ ಹರಿಯುತ್ತಿತ್ತು.

ಲಾವಾದ ಸಂದಿಯಲ್ಲಿ ಸಿಕ್ಕ ಸಾಕ್ಷಿ

ಇಲ್ಲಿ ನಮ್ಮ ನೆಲ ಒಂದು ಮುಖ್ಯವಾದ ಮಾತು ಹೇಳುತ್ತೆ. ದಖ್ಖನ್ ಲಾವಾ ಒಂದೇ ಸಮ ಹರಿಯಲಿಲ್ಲ. ಹರಿಯಿತು, ನಿಂತಿತು, ಮತ್ತೆ ಹರಿಯಿತು. ನಿಂತ ಕಾಲದಲ್ಲಿ ಮೇಲ್ಮೈ ಕೊಳೆತು ಮಣ್ಣಾಯಿತು, ಕೆರೆಗಳು ತುಂಬಿದವು. ಮುಂದಿನ ಲಾವಾ ಅವುಗಳ ಮೇಲೆ ಹರಿದು ಮುಚ್ಚಿಹಾಕಿತು. ಘಟ್ಟದ ರಸ್ತೆ ಕಡಿದ ಕಡೆ ಎರಡು ಕಪ್ಪು ಪದರದ ನಡುವೆ ಇಟ್ಟಿಗೆ ಕೆಂಪಿನ ಪಟ್ಟಿ ಕಾಣುತ್ತಲ್ಲ, ಎಷ್ಟೋ ಕಡೆ ಅದು ಇಂಥ ಬಿಡುವಿನ ಗುರುತು.

ಇಂಥ ಸಂದಿನ ಪದರ ನಮ್ಮ ಗುರುಮಠಕಲ್ ಹತ್ತಿರವೂ ಇದೆ. ಹಿಂದೆ ಗುಲ್ಬರ್ಗ ಜಿಲ್ಲೆ, ಈಗ ಯಾದಗಿರಿ. ಅಲ್ಲಿ ಸಿಹಿನೀರಿನ ಆಸ್ಟ್ರಕಾಡ್‌ಗಳು, ಅಂದ್ರೆ ಎರಡು ಚಿಪ್ಪಿನ ನಡುವೆ ಬದುಕುವ ರಾಗಿ ಕಾಳಿಗಿಂತ ಸಣ್ಣ ಜೀವಿಗಳು ಸಿಕ್ಕಿವೆ. ಗುಜರಾತಿನ ಕಛ್‌ನ ಅಂಜಾರಿನಲ್ಲಿ ಲಾವಾ ಸಂದಿಯ ಪದರಗಳಲ್ಲಿ ಡೈನೋಸಾರ್ ಮೂಳೆಯೂ ಸಿಕ್ಕಿದೆ, ಇರಿಡಿಯಂ ಹೆಚ್ಚಿರುವ ತೆಳು ಪದರಗಳೂ ಸಿಕ್ಕಿವೆ. ನರೇಂದ್ರ ಭಂಡಾರಿ ಮತ್ತು ಅವರ ಜೊತೆಗಾರರು ಅದನ್ನು 1990ರ ದಶಕದಲ್ಲಿ ಅಳೆದರು.

ಇದರ ಅರ್ಥ ನೋಡಿ. ಲಾವಾ ಶುರುವಾದ ಮೇಲೂ, ಲಾವಾದ ಊರಲ್ಲೇ, ಕೆರೆ ತುಂಬಿ ಜೀವ ನಡೆದಿತ್ತು. ಡೈನೋಸಾರ್ ಓಡಾಡಿಕೊಂಡಿತ್ತು. ಮೆಕ್ಸಿಕೋದ ಕಲ್ಲಿಗೆ ಇಲ್ಲಿಯವು ಯಾಕೆ ಸಾಯಬೇಕು ಅಂತ ಹುಡುಗ ಕೇಳಿದ್ದ. ಲಾವಾವನ್ನು ಕೇಳಬೇಕಾದ ಪ್ರಶ್ನೆ ಅದರ ಉಲ್ಟಾ: ಬುಡದಲ್ಲೇ ಇದ್ದವು ಬದುಕಿದ್ದಾಗ ಇಡೀ ಭೂಮಿಯವು ಯಾಕೆ ಸಾಯಬೇಕು?

ಗಡಿಯಾರದ ಜಗಳ

ಹಾಗಾದರೆ ಕಾಲವನ್ನು ಅಳೆದೇ ತೀರ್ಮಾನ ಮಾಡಬೇಕು. ಕಲ್ಲು ಬಿದ್ದದ್ದು ಯಾವಾಗ, ಲಾವಾದ ದೊಡ್ಡ ಹರಿವು ಯಾವಾಗ? ಎರಡೂ 6.6 ಕೋಟಿ ವರ್ಷದ ಹಿಂದೆ. ಹತ್ತಿಪ್ಪತ್ತು ಸಾವಿರ ವರ್ಷದ ಹಿಂದು ಮುಂದು ಗೊತ್ತಾಗಬೇಕಾದರೆ ಅಳತೆಯ ತಪ್ಪು ಶೇಕಡಾ 0.02ರ ಆಸುಪಾಸಿನಲ್ಲಿರಬೇಕು. ಲ್ಯಾಬ್‌ನಲ್ಲಿ ಶೇಕಡಾ 5 ಎರರ್ ಬಂದರೆ ಖುಷಿ ಪಡುವ ನಾವು ಇಲ್ಲಿ ಸ್ವಲ್ಪ ತಲೆ ತಗ್ಗಿಸಬೇಕು.

2019ರ ಫೆಬ್ರವರಿಯಲ್ಲಿ ಸೈನ್ಸ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳ ವರದಿ ಬಂತು. ಬ್ಲೇರ್ ಶೋನ್ ತಂಡ ಲಾವಾ ಪದರಗಳ ನಡುವಿನ ಕೆಂಪು ಮಣ್ಣಿನಲ್ಲಿ ಸಿಗುವ ಜಿರ್ಕಾನ್ ಹರಳುಗಳನ್ನು ತೆಗೆದು, ಯುರೇನಿಯಂ ಎಷ್ಟು ಸೀಸವಾಗಿದೆ ಅಂತ ಅಳೆಯಿತು. ಕರ್ಟ್ನಿ ಸ್ಪ್ರೇನ್ ತಂಡ ಲಾವಾದೊಳಗಿನ ಹರಳುಗಳಲ್ಲೇ ಆರ್ಗಾನ್ ಅಳೆಯಿತು. ದಖ್ಖನ್‌ನ ಬಹುಪಾಲು ಹತ್ತು ಲಕ್ಷ ವರ್ಷದ ಒಳಗೆ ಹರಿದು ಮುಗಿಯಿತು ಅನ್ನೋದರಲ್ಲಿ ಇಬ್ಬರಿಗೂ ಒಪ್ಪಿಗೆ. ಆಮೇಲೆ ದಾರಿ ಬೇರೆ. ಅಳಿವಿಗೆ ಕೆಲವು ಹತ್ತು ಸಾವಿರ ವರ್ಷ ಮುಂಚೆಯೇ ಒಂದು ದೊಡ್ಡ ಹರಿವು ಶುರುವಾಗಿತ್ತು ಅಂತ ಶೋನ್ ತಂಡ. ಸುಮಾರು ಮುಕ್ಕಾಲು ಪಾಲು ಲಾವಾ ಹರಿದದ್ದು ಅಳಿವಿನ ನಂತರ ಅಂತ ಸ್ಪ್ರೇನ್ ತಂಡ. ಅದೇ ಲಾವಾ, ಎರಡು ಗಡಿಯಾರ, ಎರಡು ಉತ್ತರ.

ಇವರ ನಡುವೆ ಇನ್ನೊಂದು ಊಹೆಯೂ ಇದೆ. ಕಲ್ಲು ಬಿದ್ದ ಹೊಡೆತದ ಭೂಕಂಪ ಅಲೆಗಳು ಆಗಲೇ ಹರಿಯುತ್ತಿದ್ದ ದಖ್ಖನ್ನನ್ನು ಇನ್ನಷ್ಟು ಕೆರಳಿಸಿದವು ಅಂತ 2015ರಲ್ಲಿ ಮಾರ್ಕ್ ರಿಚರ್ಡ್ಸ್ ಮತ್ತು ಸಂಗಡಿಗರು ವಾದಿಸಿದರು. ಕೇಳೋದಕ್ಕೆ ಚೆನ್ನಾಗಿದೆ, ಗಟ್ಟಿಯಾಗಿಲ್ಲ. ಅಂದಹಾಗೆ, ಯುಕಟಾನಿಗೆ ಭೂಗೋಳದ ನೇರ ಎದುರು ಬದಿಯಲ್ಲಿ ದಖ್ಖನ್ ಇತ್ತು ಅಂತ ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ, ಇರಲಿಲ್ಲ.

ಬರವೋ ಸಿಡಿಲೋ?

ಇದನ್ನೆಲ್ಲ ಓದಿ ತಲೆ ಕೆಟ್ಟಾಗ ನಮಗೆ ದಾರಿ ತೋರಿಸಿದ್ದು ತೆಂಗಿನ ತೋಟವೇ. ತೋಟದಲ್ಲಿ ಮರ ಒಣಗಿದೆ ಅಂದರೆ ರೈತ ಏನು ನೋಡ್ತಾನೆ? ಬರಕ್ಕೆ ಒಣಗಿದರೆ ಗರಿ ಒಂದೊಂದಾಗಿ ಜೋತು ಬೀಳುತ್ತೆ, ಕಾಯಿ ಸಣ್ಣದಾಗುತ್ತೆ, ವರ್ಷಗಟ್ಟಲೆ ಹಿಡಿಯುತ್ತೆ. ಕೆಂಪುಮೂತಿ ಹುಳುವಾದರೆ ಕಾಂಡದಲ್ಲಿ ತೂತು, ಅಗಿದು ಹಾಕಿದ ನಾರು, ಕಂದು ರಸ. ಸಿಡಿಲಾದರೆ ನಿನ್ನೆ ಹಸಿರಾಗಿದ್ದ ಮರ, ಅದರ ಅಕ್ಕಪಕ್ಕದವೂ ಸೇರಿ, ಒಂದೇ ಗಳಿಗೆಯಲ್ಲಿ ಏಟು ತಿಂದಿರುತ್ತವೆ. ಮೂರೂ ಮರ ಕೊಲ್ಲುತ್ತವೆ. ಯಾವುದು ಅಂತ ಹೇಳೋದು ಸಾವಿನ ವೇಗ ಮತ್ತು ಗುರುತು.

ದಖ್ಖನ್ ಬರ ಇದ್ದ ಹಾಗೆ, ಚಿಕ್ಸುಲುಬ್ ಸಿಡಿಲಿದ್ದ ಹಾಗೆ. ಬರದಿಂದ ಸೊರಗಿದ್ದ ತೋಟಕ್ಕೆ ಸಿಡಿಲು ಬಡಿಯಿತು, ಇಬ್ಬರೂ ಸೇರಿ ಕೊಂದರು ಅನ್ನೋದು ಕೇಳೋಕೆ ಸಮಾಧಾನದ ತೀರ್ಪು. ನಾವೂ ಮೊದಲು ಅಲ್ಲೇ ನಿಂತಿದ್ದೆವು. ಆದರೆ ತೋಟ ಆಗ ನಿಜವಾಗಲೂ ಸೊರಗಿತ್ತಾ ಅಂತ ನೋಡಬೇಕಲ್ಲ? 2020ರಲ್ಲಿ ಪಿನ್ಸೆಲಿ ಹಲ್ ಮತ್ತು ಸಂಗಡಿಗರು ಸಮುದ್ರ ತಳದ ಪದರಗಳಿಂದ ಅಂದಿನ ಉಷ್ಣತೆ ಲೆಕ್ಕ ಹಾಕಿದರು. ದಖ್ಖನ್ ಅನಿಲದಿಂದ ಸುಮಾರು ಎರಡು ಡಿಗ್ರಿ ಬಿಸಿ ಏರಿದ್ದು ಹೌದು. ಆದರೆ ಅದು ಅಳಿವಿಗೆ ಬಹಳ ಮುಂಚೆ, ಲಕ್ಷ ವರ್ಷಗಳ ಲೆಕ್ಕದಲ್ಲಿ. ಕಲ್ಲು ಬೀಳುವ ಹೊತ್ತಿಗೆ ಬಿಸಿ ಮತ್ತೆ ಇಳಿದಿತ್ತು. 2024ರ ಕೊನೆಯಲ್ಲಿ ಅಮೆರಿಕದ ಹಳೇ ಇದ್ದಿಲು ಪದರಗಳ ಅಧ್ಯಯನವೂ ಇದನ್ನೇ ಹೇಳಿತು: ಅಳಿವಿಗೆ ಸುಮಾರು 30,000 ವರ್ಷ ಮುಂಚೆ ಲಾವಾದ ಗಂಧಕದಿಂದ ಐದು ಡಿಗ್ರಿಯಷ್ಟು ತಂಪಾಗಿತ್ತು, ಹತ್ತು ಸಾವಿರ ವರ್ಷದೊಳಗೆ ಸರಿಹೋಗಿತ್ತು. ಬರ ಬಂದಿತ್ತು, ಹೋಗಿತ್ತು, ತೋಟ ಸುಳಿ ಬಿಟ್ಟಿತ್ತು. ಆಗ ಸಿಡಿಲು ಬಡಿಯಿತು.

ಇನ್ನೂ ಒಂದು ಮಾತಿದೆ. ಅದೇ 2020ರಲ್ಲಿ ಕಿಯಾರೆಂಜಾ ತಂಡ ಕಂಪ್ಯೂಟರಿನಲ್ಲಿ ಎರಡೂ ಘಟನೆಗಳನ್ನು ಬೇರೆ ಬೇರೆಯಾಗಿ ಓಡಿಸಿ ನೋಡಿತು. ಡೈನೋಸಾರ್ ಬದುಕಬಲ್ಲ ಜಾಗವನ್ನೆಲ್ಲ ಅಳಿಸಿದ್ದು ಕಲ್ಲು ತಂದ ಚಳಿ. ದಖ್ಖನ್‌ನ ಇಂಗಾಲದ ಡೈಆಕ್ಸೈಡ್ ಆ ಚಳಿಯನ್ನು ಸ್ವಲ್ಪ ತಗ್ಗಿಸಿ, ಉಳಿದವರಿಗೆ ನೆರವೇ ಆಗಿರಬಹುದು. ಆರೋಪಿಯ ಕಟಕಟೆಯಲ್ಲಿ ನಿಂತವನು ಆಂಬುಲೆನ್ಸ್ ಕರೆದವನೂ ಆಗಿರಬಹುದು!

ಹಾಗಾಗಿ ನಮ್ಮ ತೀರ್ಪು: ಕೊಂದದ್ದು ಆಕಾಶದ ಕಲ್ಲು. ದಖ್ಖನ್ ಆ ಕಾಲವನ್ನು ಅಲ್ಲಾಡಿಸಿದ್ದು ನಿಜ, ಕೊನೇ ಏಟು ಅದರದಲ್ಲ. ಈ ತೀರ್ಪಿಗೆ ಮೇಲ್ಮನವಿ ಇದೆ. ಗಡಿಯಾರದ ಜಗಳ ಮುಗಿದಿಲ್ಲ, ಕೆಲ್ಲರ್ ಥರದವರು ಒಪ್ಪಿಲ್ಲ.

ನಮಗೇನು?

ಎರಡು ಮಾತು ಹೇಳಿ ಮುಗಿಸುತ್ತೇವೆ.

ಒಂದು, ವೇಗದ ಪಾಠ. ದಖ್ಖನ್ ತನ್ನ ಅನಿಲವನ್ನು ಲಕ್ಷಾಂತರ ವರ್ಷ ಬಿಡುವು ಕೊಟ್ಟು ಕೊಟ್ಟು ಬಿಟ್ಟಿತು. ಕಾಡು, ಸಮುದ್ರ, ಪ್ರಾಣಿಗಳಿಗೆ ಹೊಂದಿಕೊಳ್ಳಲು ಸಮಯ ಸಿಕ್ಕಿತು. ಕಲ್ಲು ಸಮಯ ಕೊಡಲಿಲ್ಲ. ಮನುಷ್ಯರು ಈಗ ಕಲ್ಲಿದ್ದಲು, ಎಣ್ಣೆ ಸುಟ್ಟು ವರ್ಷಕ್ಕೆ 3,500 ಕೋಟಿ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದೇವೆ. ಅದನ್ನು ಶುರು ಮಾಡಿ ಇನ್ನೂರು ಚಿಲ್ಲರೆ ವರ್ಷ, ತೆಂಗಿನ ಸಾಲಿನ ಲೆಕ್ಕದಲ್ಲಿ ಕೂದಲೆಳೆಗಿಂತ ಕಡಿಮೆ. ನಾವು ಬರದ ಥರ ನಡೆದುಕೊಳ್ಳುತ್ತಿದ್ದೇವೋ ಸಿಡಿಲಿನ ಥರವೋ? ಎಷ್ಟು ಅನಿಲ ಅನ್ನೋದರ ಜೊತೆ ಎಷ್ಟು ಬೇಗ ಅಂತಲೂ ಕೇಳಬೇಕು.

ಎರಡು, ಇದು ಸಿವಿಲ್ ವಿಭಾಗದ ಗೆಳೆಯರಿಗೆ. ನಾಳೆ ನೀವು ಕಲಬುರಗಿಯಲ್ಲೋ ಬೆಳಗಾವಿಯಲ್ಲೋ ರಸ್ತೆ, ಕಾಲುವೆ ಸೈಟಿನಲ್ಲಿ ನಿಂತಿರುತ್ತೀರಿ. ಬಸಾಲ್ಟ್ ಜಲ್ಲಿ ಆಗುತ್ತಿರುತ್ತೆ. ಎರಡು ಕಪ್ಪು ಪದರದ ನಡುವೆ ಬಿಳಿಚಿದ ಜೇಡಿಯೋ ಸುಣ್ಣದ ಪಟ್ಟಿಯೋ ಕಂಡು, ಅದರಲ್ಲಿ ಪುಟ್ಟ ಚಿಪ್ಪು ಕಂಡರೆ ಒಂದು ನಿಮಿಷ ಯಂತ್ರ ನಿಲ್ಲಿಸಿ. ಫೋಟೋ ತೆಗೆದು, ಜಾಗ ಬರೆದುಕೊಂಡು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೋ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ತಿಳಿಸಿ. ಗುರುಮಠಕಲ್ಲಿನ ರಾಗಿ ಗಾತ್ರದ ಚಿಪ್ಪು ಜಗತ್ತಿನ ದೊಡ್ಡ ಕೇಸಿನಲ್ಲಿ ಸಾಕ್ಷಿ ಹೇಳಿದೆ. ಮುಂದಿನ ಸಾಕ್ಷಿ ಕ್ರಷರಿಗೆ ಹೋಗಬಾರದು.

ಮುಂದಿನ ರಜೆಗೆ ಕಿಬ್ಬನಹಳ್ಳಿಗೆ ಹೋದಾಗ ಆ ಹುಡುಗನಿಗೆ ಹೇಳ್ತೀವಿ: "ನಮ್ಮೂರಲ್ಲಿ ಇದ್ದಿರಬಹುದು ಕಣೋ, ಆದರೆ ನಮ್ಮೂರ ಕಲ್ಲು ಅದಕ್ಕಿಂತ ಬಹಳ ಹಳೇದು, ಅದನ್ನ ನೋಡಿಲ್ಲ. ಮೆಕ್ಸಿಕೋದಲ್ಲಿ ಬಿದ್ದ ಕಲ್ಲು ಇಲ್ಲಿಯ ಬಿಸಿಲನ್ನೂ ಮುಚ್ತು, ಅದಕ್ಕೇ ಇಲ್ಲಿರೋವೂ ಸತ್ತವು." ಅವನು ಇನ್ನೊಂದು ಪ್ರಶ್ನೆ ಕೇಳೇ ಕೇಳ್ತಾನೆ. ಈ ಸಲ ಎಳನೀರಿನ ಗಂಜಿ ಕೆರೆಯುತ್ತಾ ಕೂರೋದಿಲ್ಲ.